ಆಪರೇಟಿಂಗ್ ಸಿಸ್ಟಂ ಇಂಟರ್‌ಫೇಸ್ ಬದಲಾವಣೆ ಮತ್ತು ಕನ್ನಡ ಬಳಕೆದಾರರು

ಕಂಪ್ಯೂಟರಿನ ಯಂತ್ರಭಾಗಕ್ಕೂ ಅದನ್ನು ಬಳಸುವವರಿಗೂ ನಡುವೆ ನಿಂತು ಎಲ್ಲ ಕೆಲಸವನ್ನೂ ನಡೆಸಿಕೊಡುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಅದರಲ್ಲಿ ಕಣ್ಣಿಗೆ ಬೀಳುವ, ಕೈಗೆ ಸಿಗುವ ಭಾಗಕ್ಕೆ ಇಂಟರ್‌ಫೇಸ್ ಎನ್ನುತ್ತಾರೆ. ಪರದೆಯ ಮೇಲಿನ ಬಟನ್, ಮೆನು, ಕಿಟಕಿ, ಚಿಹ್ನೆ, ಅಕ್ಷರಗಳ ರೂಪ, ಕೀಲಿಮಣೆಯ ನಡವಳಿಕೆ ಎಲ್ಲವೂ ಇದರೊಳಗೆ ಬರುತ್ತವೆ. ತಯಾರಕ ಕಂಪನಿಗಳು ಕೆಲವು ವರ್ಷಗಳಿಗೊಮ್ಮೆ ಇದನ್ನು ಹೊಸದಾಗಿ ರೂಪಿಸುತ್ತವೆ. ಹಾಗೆ ರೂಪಿಸಿದಾಗಲೆಲ್ಲ ಬಳಕೆದಾರರು ಎರಡು ಪಾಲಾಗಿದ್ದಾರೆ. ಹೊಸದಾಗಿ ಯಂತ್ರ ಕೊಂಡವರು ಮೆಚ್ಚಿಕೊಂಡರೆ, ದಿನವಿಡೀ ಅದರ ಮುಂದೆ ಕೂತು ದುಡಿಯುವವರು ಸಿಡಿಮಿಡಿಗೊಂಡಿದ್ದಾರೆ.

ಈ ಸಿಡಿಮಿಡಿಯನ್ನು ಬರಿಯ ಅಭ್ಯಾಸಬಲವೆಂದು ತಳ್ಳಿಹಾಕುವುದು ವಾಡಿಕೆ. ಕರ್ನಾಟಕದ ಅನುಭವ ನೋಡಿದರೆ ಆ ತೀರ್ಮಾನ ನಿಲ್ಲುವುದಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರ ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಮಿನ ಮೇಲೆ ಇನ್ನೊಂದು ಪದರ ಇರುತ್ತದೆ: ಫಾಂಟು, ಕೀಲಿಮಣೆ ತಂತ್ರಾಂಶ, ಹಳೆಯ ಸಂಕೇತದಲ್ಲಿ ಬೆರಳಚ್ಚಾದ ಕಡತಗಳು. ಕೆಳಗಿನ ಪದರ ಅಲುಗಿದರೆ ಮೇಲಿನದೂ ಅಲುಗುತ್ತದೆ. ಆದ್ದರಿಂದ ಹಾಸನ ಜಿಲ್ಲೆಯ ಅರಸೀಕೆರೆಯಲ್ಲೋ ಬೇಲೂರಿನಲ್ಲೋ ಹಳೇಬೀಡಿನಲ್ಲೋ ಕನ್ನಡ ಬೆರಳಚ್ಚು ಮಾಡಿ ಬದುಕುವವರಿಗೆ ಪರದೆಯ ಬದಲಾವಣೆ ಅಂದಚೆಂದದ ವಿಷಯವಷ್ಟೇ ಅಲ್ಲ, ಅನ್ನದ ವಿಷಯವೂ ಹೌದು.

ಮೊದಲ ಪರದೆಗಳು

1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 ಪರದೆಯ ಎಡ ಕೆಳಮೂಲೆಯಲ್ಲಿ ಸ್ಟಾರ್ಟ್ ಬಟನ್ ಇಟ್ಟಿತು. ಮುಂದಿನ ಹದಿನೇಳು ವರ್ಷ ಅದು ಅಲ್ಲಿಂದ ಕದಲಲಿಲ್ಲ. ಕರ್ನಾಟಕದ ಸಣ್ಣ ಊರುಗಳಿಗೆ ಕಂಪ್ಯೂಟರ್ ಬಂದದ್ದು ಬಹುತೇಕ ಈ ಅವಧಿಯಲ್ಲೇ. ಹಳ್ಳಿಯ ರೈತರ ಪಾಲಿಗೆ ಮೊದಲ ಪರಿಚಯ ಆದದ್ದು ತಾಲ್ಲೂಕು ಕಚೇರಿಯ ಭೂಮಿ ಕೌಂಟರಿನಲ್ಲಿ. ರಾಜ್ಯ ಸರ್ಕಾರದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕೌಂಟರಿನಲ್ಲಿ ರೈತರ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನೂ ಇಟ್ಟಿದ್ದರು. ಸಿಬ್ಬಂದಿ ಏನು ಮಾಡುತ್ತಿದ್ದಾರೆಂಬುದು ಅರ್ಜಿದಾರರಿಗೂ ಕಾಣಲಿ ಎಂಬುದು ಉದ್ದೇಶ. ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮಲ್ಲಿ ಕಡಿಮೆ.

2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ ನೀಲಿ ಪಟ್ಟಿ, ಹಸಿರು ಸ್ಟಾರ್ಟ್ ಬಟನ್ ತಂದಾಗ ಅಮೆರಿಕದ ವಿಮರ್ಶಕರು ಅದನ್ನು ಮಕ್ಕಳ ಆಟಿಕೆಗೆ ಹೋಲಿಸಿದರು. ಆದರೆ ಗದ್ದಲ ಬಹಳ ದಿನ ನಡೆಯಲಿಲ್ಲ. ಬೇಡದವರು ಒಂದೆರಡು ಕ್ಲಿಕ್ಕಿನಲ್ಲಿ ಹಳೆಯ ಬೂದು ಬಣ್ಣದ ಕ್ಲಾಸಿಕ್ ರೂಪಕ್ಕೆ ಮರಳಬಹುದಿತ್ತು. ಕನ್ನಡಿಗರಿಗೆ ಎಕ್ಸ್‌ಪಿಯ ಮಹತ್ವ ಬಣ್ಣದಲ್ಲಿರಲಿಲ್ಲ. ಎಲ್ಲ ಲಿಪಿಗಳಿಗೂ ಸಮಾನವಾದ ಯೂನಿಕೋಡ್ ಸಂಕೇತವನ್ನು ಅನುಸರಿಸುವ ತುಂಗಾ ಎಂಬ ಫಾಂಟಿನ ಜೊತೆಗೆ ವಿಂಡೋಸ್ ಒಳಗೇ ಕನ್ನಡ ಮೂಡತೊಡಗಿದ್ದು ಇದರಲ್ಲೇ. ಅದೂ ತಾನಾಗಿ ಆಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಯ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಕಡತ ಹಾಕಿಕೊಳ್ಳುವ ಚೌಕಕ್ಕೆ ಗುರುತು ಹಾಕಿ, ವಿಂಡೋಸ್ ಸಿ.ಡಿ. ಹುಡುಕಿ ತಂದು ತೂರಿಸಬೇಕಿತ್ತು. ಸಿ.ಡಿ. ಇಲ್ಲದವರ ಯಂತ್ರದಲ್ಲಿ ಕನ್ನಡವೂ ಇರಲಿಲ್ಲ.

ಕಗಪ, ನುಡಿ, ಬರಹ

ಆ ಹೊತ್ತಿಗಾಗಲೇ ಕನ್ನಡಿಗರು ತಮ್ಮ ದಾರಿ ತಾವು ಮಾಡಿಕೊಂಡಿದ್ದರು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡವನ್ನು ಕೂರಿಸಿತು. ಅಲ್ಪಪ್ರಾಣಕ್ಕೆ ಬರಿ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್ ಜೊತೆಗಿನ ಕೀಲಿ, ಒತ್ತಕ್ಷರಕ್ಕೆ ಎಫ್ ಕೀಲಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಈ ವಿನ್ಯಾಸ ಸರ್ಕಾರಿ ಕಚೇರಿಗಳಿಗೆ ಹಬ್ಬಿ, ಕಗಪ ಎಂದೇ ಹೆಸರಾಯಿತು. ಅದಕ್ಕೂ ಮುಂಚೆ, 1998ರಲ್ಲಿ, ಶೇಷಾದ್ರಿ ವಾಸು ಅವರ ಬರಹ ಹೊರಬಂದು ಮನೆಮನೆಯ ಕಂಪ್ಯೂಟರಿಗೆ ಕನ್ನಡ ತಲುಪಿಸಿತ್ತು. ಬೇಲೂರಿನ ನೆರೆಯ ಮೂಡಿಗೆರೆಯಲ್ಲಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಸಲುವಾಗಿ ಪಟ್ಟುಹಿಡಿದು ವಾದಿಸಿದರು. ಕನ್ನಡ ಕಂಪ್ಯೂಟರಿನಲ್ಲಿ ಉಳಿಯದಿದ್ದರೆ ಮುಂದೆ ಎಲ್ಲಿಯೂ ಉಳಿಯಲಾರದು ಎಂಬ ಆತಂಕ ಅವರದಾಗಿತ್ತು.

ಹಳೆಯ ನುಡಿಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಲು ಸ್ಕ್ರಾಲ್ ಲಾಕ್ ಒತ್ತಬೇಕು. ಬೆರಳಚ್ಚುಗಾರರ ಬಲಗೈ ನೋಡದೆಯೇ ಆ ಕೀಲಿಗೆ ಹೋಗುತ್ತದೆ. ಮುಂದೆ ಬಂದ ಸಣ್ಣ ಲ್ಯಾಪ್‌ಟಾಪುಗಳ ಕೀಲಿಮಣೆಯಲ್ಲಿ ಆ ಕೀಲಿಯೇ ಇಲ್ಲ. ಜಗತ್ತಿನ ಬೇರೆಡೆ ಯಾರೂ ಗಮನಿಸದೆ ಕೈಬಿಟ್ಟ ಒಂದು ಕೀಲಿ ಕರ್ನಾಟಕದ ಕಚೇರಿಗಳಲ್ಲಿ ತಕರಾರಾಯಿತು. ಬಳಕೆದಾರರ ಪ್ರತಿಕ್ರಿಯೆ ಊರಿಂದ ಊರಿಗೆ ಏಕೆ ಬೇರೆಯಾಗುತ್ತದೆಂಬುದಕ್ಕೆ ಇಷ್ಟು ಸಾಕು.

ಎಕ್ಸ್‌ಪಿ ಕಾಲದಿಂದಲೂ ಮೆನುಗಳನ್ನೆಲ್ಲ ಕನ್ನಡದಲ್ಲಿ ತೋರಿಸುವ ಭಾಷಾ ಪ್ಯಾಕನ್ನು ಮೈಕ್ರೋಸಾಫ್ಟ್ ಉಚಿತವಾಗಿ ಕೊಟ್ಟಿತು. ಅದನ್ನು ಹಾಕಿಕೊಂಡವರು ಕಡಿಮೆ. ಕಾರಣ ಕನ್ನಡದ ಮೇಲಿನ ಅಸಡ್ಡೆಯಲ್ಲ. ತರಬೇತಿ ಕೇಂದ್ರದಲ್ಲಿ ಕಲಿಸಿದ್ದು ಇಂಗ್ಲಿಷ್ ಮೆನು, ಕೆಟ್ಟಾಗ ಫೋನಿನಲ್ಲಿ ಸಹಾಯ ಹೇಳುವವರು ಓದಿಹೇಳುವುದೂ ಇಂಗ್ಲಿಷ್ ಮೆನು. ಸುತ್ತಲಿನವರೆಲ್ಲ ಒಂದು ಪರದೆಯಲ್ಲಿರುವಾಗ ಒಬ್ಬರೇ ಇನ್ನೊಂದಕ್ಕೆ ಹೋದರೆ ಕೇಳಿ ತಿಳಿಯುವ ದಾರಿ ಮುಚ್ಚಿಹೋಗುತ್ತದೆ.

ವಿಂಡೋಸ್ 8: ಸ್ಟಾರ್ಟ್ ಬಟನ್ ಇಲ್ಲದ ಪರದೆ

ಇಂಟರ್‌ಫೇಸ್ ಬದಲಾವಣೆಯ ಚರಿತ್ರೆಯಲ್ಲಿ ಅತಿ ಹೆಚ್ಚು ವಾದವಿವಾದಕ್ಕೆ ಕಾರಣವಾದದ್ದು 2012ರ ಅಕ್ಟೋಬರ್ 26ರಂದು ಬಂದ ವಿಂಡೋಸ್ 8. ಐಪ್ಯಾಡ್ ಮಾರುಕಟ್ಟೆಗೆ ಬಂದು ಎರಡು ವರ್ಷ ದಾಟಿತ್ತು. ಟ್ಯಾಬ್ಲೆಟ್ಟಿಗೂ ಮೇಜಿನ ಕಂಪ್ಯೂಟರಿಗೂ ಒಂದೇ ಪರದೆ ಸಾಕೆಂದು ಮೈಕ್ರೋಸಾಫ್ಟ್ ನಿರ್ಧರಿಸಿತು. ಕಂಪ್ಯೂಟರ್ ಹೊತ್ತಿಸಿದೊಡನೆ ಬಣ್ಣಬಣ್ಣದ ಚೌಕಗಳ ಸ್ಟಾರ್ಟ್ ಪರದೆ ತುಂಬಿಕೊಳ್ಳುತ್ತಿತ್ತು. ಹಳೆಯ ಡೆಸ್ಕ್‌ಟಾಪ್ ಅದರೊಳಗಿನ ಒಂದು ಚೌಕವಾಯಿತು. ಸ್ಟಾರ್ಟ್ ಬಟನ್ ಮಾಯವಾಯಿತು. ಪರದೆಯ ಮೂಲೆಗೆ ಮೌಸ್ ಒಯ್ದರೆ ಮಾತ್ರ ಕಾಣುವ ಅಡಗು ಪಟ್ಟಿಗಳು ಬಂದವು.

ಇದರ ಹಿಂದೆ ಲೆಕ್ಕಾಚಾರ ಇಲ್ಲದಿರಲಿಲ್ಲ. ಬಳಕೆದಾರರ ಯಂತ್ರಗಳಿಂದ ಬಂದ ಮಾಹಿತಿ ನೋಡಿ, ಜನ ಬೇಕಾದ ತಂತ್ರಾಂಶಗಳನ್ನು ಕೆಳಗಿನ ಟಾಸ್ಕ್‌ಬಾರಿಗೆ ಪಿನ್ ಮಾಡಿಕೊಳ್ಳುತ್ತಿದ್ದಾರೆ, ಸ್ಟಾರ್ಟ್ ಮೆನುವಿನ ಬಳಕೆ ಇಳಿದಿದೆ ಎಂದು ಕಂಪನಿ ಮೊದಲೇ ಹೇಳಿತ್ತು. ಎಣಿಕೆ ಸರಿಯಿರಬಹುದು. ಆದರೆ ಒಂದು ಬಟನ್ನನ್ನು ಎಷ್ಟು ಸಲ ಒತ್ತುತ್ತಾರೆ ಎಂಬುದರಿಂದ ಅದರ ಬೆಲೆ ಗೊತ್ತಾಗುವುದಿಲ್ಲ. ದಿನಕ್ಕೆ ಒಂದೇ ಸಲ, ಕಂಪ್ಯೂಟರ್ ಆರಿಸುವಾಗ ಮಾತ್ರ ಅದನ್ನು ಬಳಸುವವರಿಗೂ ಅದು ಅಲ್ಲಿ ಇರಲೇಬೇಕು.

ಆರಿಸುವ ಕೆಲಸವನ್ನೇ ನೋಡೋಣ. ವಿಂಡೋಸ್ 8ರಲ್ಲಿ ಮೌಸನ್ನು ಬಲ ಮೂಲೆಗೆ ಒಯ್ದು, ಮೂಡುವ ಪಟ್ಟಿಯಲ್ಲಿ ಸೆಟ್ಟಿಂಗ್ಸ್ ಒತ್ತಿ, ಅಲ್ಲಿ ಪವರ್, ಅದರೊಳಗೆ ಶಟ್ ಡೌನ್ ಹುಡುಕಬೇಕಿತ್ತು. ಕರೆಂಟ್ ಸದಾ ಇರುವ ಊರಿನಲ್ಲಿ ಇದು ಸಣ್ಣ ಕಿರಿಕಿರಿ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಕರೆಂಟ್ ಹೋದೊಡನೆ ಯುಪಿಎಸ್ ಕೂಗತೊಡಗುತ್ತದೆ. ಅದು ಕೊಡುವ ಕೆಲವೇ ನಿಮಿಷಗಳಲ್ಲಿ ಕಡತ ಉಳಿಸಿ ಯಂತ್ರ ಆರಿಸಬೇಕು. ಆ ಹೊತ್ತಿನಲ್ಲಿ ಮೂಲೆಯಲ್ಲಿ ಅಡಗಿದ ಪಟ್ಟಿಯನ್ನು ಹುಡುಕುತ್ತ ಕೂರುವಂತೆ ಮಾಡಿದ್ದು ಕೆಟ್ಟ ವಿನ್ಯಾಸವೇ ಸರಿ. ವಿನ್ಯಾಸಕಾರರ ಕಣ್ಣಮುಂದೆ ಬ್ಯಾಟರಿಯಿರುವ ಟ್ಯಾಬ್ಲೆಟ್ ಇತ್ತು, ತಾಲ್ಲೂಕು ಕಚೇರಿ ಎದುರಿನ ಬೆರಳಚ್ಚು ಅಂಗಡಿ ಇರಲಿಲ್ಲ.

ಇನ್ನೊಂದು ಹೊಸತು, ಪರಿಚಯವಿಲ್ಲದ ತಂತ್ರಾಂಶವನ್ನು ತೆರೆಯಲು ಹೋದಾಗ ಪರದೆಯ ಅಡ್ಡಕ್ಕೆ ಮೂಡುವ ಎಚ್ಚರಿಕೆ. ವೈರಸ್ ತಡೆಗೆ ಅದು ಒಳ್ಳೆಯದೇ. ಡಿಜಿಟಲ್ ಸಹಿಗೆ ಹಣ ಕಟ್ಟಲಾರದ ಸಣ್ಣ ತಂತ್ರಾಂಶಗಳು ಮಾತ್ರ ಅಪಾಯಕಾರಿಗಳ ಸಾಲಿಗೆ ಸೇರಿದಂತಾಯಿತು.

ಮೆಚ್ಚಿದವರೂ ಇದ್ದರೆಂಬುದನ್ನು ಮರೆಯಬಾರದು. ಹಳೆಯ ಯಂತ್ರದಲ್ಲೂ ವಿಂಡೋಸ್ 8 ಬೇಗ ಹೊತ್ತಿಕೊಳ್ಳುತ್ತಿತ್ತು. ಸ್ಪರ್ಶಪರದೆ ಇರುವವರಿಗೆ ಚೌಕಗಳು ಹಿತವೆನಿಸಿದವು. ಮೊದಲ ಆರು ತಿಂಗಳಲ್ಲಿ 10 ಕೋಟಿ ಪರವಾನಗಿ ಮಾರಿದ್ದಾಗಿ ಮೈಕ್ರೋಸಾಫ್ಟ್ 2013ರ ಮೇ ತಿಂಗಳಲ್ಲಿ ಪ್ರಕಟಿಸಿತು. ಹಾಗಿದ್ದೂ ಬಿಡುಗಡೆಯಾದ ಮೂರೇ ವಾರದೊಳಗೆ ವಿಂಡೋಸ್ ವಿಭಾಗದ ಮುಖ್ಯಸ್ಥ ಸ್ಟೀವನ್ ಸಿನೋಫ್‌ಸ್ಕಿ ಕಂಪನಿ ತೊರೆದಿದ್ದರು. ಹಳೆಯ ಮೆನುವನ್ನು ಮರಳಿ ತರುವ ಕ್ಲಾಸಿಕ್ ಶೆಲ್‌ನಂಥ ಹೊರಗಿನ ತಂತ್ರಾಂಶಗಳಿಗೆ ಜನ ಮುಗಿಬಿದ್ದರು. 2013ರ ಅಕ್ಟೋಬರ್ 17ರ ವಿಂಡೋಸ್ 8.1 ಬಟನ್ನನ್ನು ಮರಳಿ ಇಟ್ಟಿತು, ಆದರೆ ಒತ್ತಿದರೆ ಬರುತ್ತಿದ್ದದ್ದು ಅದೇ ಚೌಕಗಳ ಪರದೆ. ನಿಜವಾದ ಮೆನು ಹಿಂದಿರುಗಿದ್ದು 2015ರ ಜುಲೈ 29ರ ವಿಂಡೋಸ್ 10ರಲ್ಲಿ. ಅಷ್ಟರಲ್ಲಿ ಬಹುಪಾಲು ಕಚೇರಿಗಳು ವಿಂಡೋಸ್ 8ನ್ನು ಮುಟ್ಟದೆ 7ರಲ್ಲೇ ಕಾದು ಕುಳಿತಿದ್ದವು.

ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದ ನಿಯಮ ಬಂದದ್ದೂ 2012ರಲ್ಲೇ. ಗುಮಾಸ್ತರು ಕಷ್ಟಪಟ್ಟು ಒಂದು ಪರದೆಯನ್ನು ಕಲಿಯುತ್ತಿದ್ದ ವರ್ಷವೇ ಆ ಪರದೆಯನ್ನು ಬದಲಿಸಲಾಗಿತ್ತು.

ಅಕ್ಷರದ ರೂಪ ಬದಲಾದಾಗ

ಕನ್ನಡಿಗರ ಮಟ್ಟಿಗೆ ವಿಂಡೋಸ್ 8ರ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಭಾರತದ ಲಿಪಿಗಳಿಗೆಲ್ಲ ಸೇರಿ ನಿರ್ಮಲಾ ಯುಐ ಎಂಬ ಒಂದೇ ಫಾಂಟ್ ಬಂತು. ತುಂಗಾಕ್ಕಿಂತ ಇದರ ಗೆರೆ ಸಮ, ಸಣ್ಣ ಗಾತ್ರದಲ್ಲೂ ಒತ್ತಕ್ಷರ ಬಿಡಿಯಾಗಿ ಕಾಣುತ್ತದೆ, ಕಣ್ಣಿಗೆ ಆಯಾಸ ಕಡಿಮೆ. ಒಟ್ಟಾರೆ ಇದು ಒಳ್ಳೆಯ ಬದಲಾವಣೆ. ಆದರೆ ವಿಂಡೋಸ್ 10ರ ಹೊತ್ತಿಗೆ ತುಂಗಾ ತಾನಾಗಿ ಬರುವುದು ನಿಂತು, ಬೇಕಾದವರು ಹೆಚ್ಚುವರಿ ಫಾಂಟುಗಳ ಪಟ್ಟಿಯಿಂದ ಇಳಿಸಿಕೊಳ್ಳಬೇಕಾಯಿತು. ತುಂಗಾದಲ್ಲಿ ಅಳತೆಗೆ ಸರಿಯಾಗಿ ಹೊಂದಿಸಿದ್ದ ಹಳೆಯ ಪತ್ರವನ್ನು ಹೊಸ ಯಂತ್ರದಲ್ಲಿ ತೆರೆದಾಗ ಬೇರೆ ಫಾಂಟು ಆ ಜಾಗಕ್ಕೆ ಬಂದು, ಸಾಲು ಉದ್ದವಾಗಿ, ಒಂದು ಪುಟದ ಅರ್ಜಿ ಎರಡನೆಯ ಪುಟಕ್ಕೆ ಹರಿಯಬಹುದು. ಏಕೆ ಹೀಗಾಯಿತೆಂದು ಪರದೆ ಹೇಳುವುದಿಲ್ಲ.

ಅಕ್ಷರದ ರೂಪ ಹಿಂದೆಯೂ ಬದಲಾಗಿದೆ, ಆದರೆ ನಿಧಾನವಾಗಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನ ಕ್ರಿ.ಶ. ಸುಮಾರು 450ರದು. ಅಲ್ಲಿಂದ ಬೇಲೂರು, ಹಳೇಬೀಡಿನ ಹೊಯ್ಸಳ ಶಾಸನಗಳ ದುಂಡು ಅಕ್ಷರಕ್ಕೆ ಬರಲು ಲಿಪಿ ಏಳು ಶತಮಾನ ತೆಗೆದುಕೊಂಡಿತು. ಓದುವ ಕಣ್ಣು ತಲೆಮಾರಿನಿಂದ ತಲೆಮಾರಿಗೆ ಹೊಂದಿಕೊಳ್ಳುತ್ತ ಬಂತು. ಪರದೆಯ ಮೇಲೆ ಅಕ್ಷರದ ರೂಪ ಒಂದು ಅಪ್‌ಡೇಟಿನಲ್ಲಿ ರಾತ್ರೋರಾತ್ರಿ ಬದಲಾಗುತ್ತದೆ. ಬದಲಾವಣೆ ತಪ್ಪಲ್ಲ, ಹೇಳದೆ ಮಾಡುವುದು ತಪ್ಪು.

ಡಿಟಿಪಿ ಅಂಗಡಿಯ ಹಳೆಯ ಯಂತ್ರ

ಅರಸೀಕೆರೆ ದೊಡ್ಡ ರೈಲ್ವೆ ಜಂಕ್ಷನ್, ಕೊಬ್ಬರಿ ವ್ಯಾಪಾರದ ಊರು. ಬೇಲೂರು ತಾಲ್ಲೂಕು ಕೇಂದ್ರ, ಹಳೇಬೀಡು ಅದೇ ತಾಲ್ಲೂಕಿಗೆ ಸೇರಿದ್ದು. ಇಂಥ ಊರುಗಳಲ್ಲಿ ಕನ್ನಡ ಬೆರಳಚ್ಚಿನ ಭಾರ ಹೊತ್ತಿರುವುದು ಡಿಟಿಪಿ ಅಂಗಡಿಗಳು ಮತ್ತು ಪತ್ರಬರಹಗಾರರು. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಮಾಲೇಕಲ್ ತಿರುಪತಿಯ ಜಾತ್ರೆಗೋ ಬೇಲೂರು ಚೆನ್ನಕೇಶವನ ರಥೋತ್ಸವಕ್ಕೋ ಹಂಚುವ ಕರಪತ್ರ, ಕ್ರಯಪತ್ರ, ವಿಭಾಗಪತ್ರ, ತಹಶೀಲ್ದಾರರಿಗೆ ಕೊಡುವ ಅರ್ಜಿ ಎಲ್ಲವೂ ಇಂಥ ಅಂಗಡಿಗಳಲ್ಲೇ ಸಿದ್ಧವಾಗುವುದು.

ಇವರ ಕೆಲಸದ ಸಾಮಗ್ರಿ ಪುಟವಿನ್ಯಾಸದ ಪೇಜ್‌ಮೇಕರ್, ಕನ್ನಡ ಬೆರಳಚ್ಚಿನ ಶ್ರೀಲಿಪಿ, ನುಡಿ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಣುಕುಗಳನ್ನು ಇಟ್ಟ ಹಳೆಯ ಬಗೆಯ ಫಾಂಟುಗಳು ಮಾತ್ರ ಅದರಲ್ಲಿ ನಡೆಯುತ್ತವೆ. ಶ್ರೀಲಿಪಿಯ ಪರವಾನಗಿ ಯಂತ್ರಕ್ಕೆ ಸಿಕ್ಕಿಸುವ ಡಾಂಗಲ್ಲಿನಲ್ಲಿರುತ್ತಿತ್ತು. ಆಪರೇಟಿಂಗ್ ಸಿಸ್ಟಂ ಬದಲಿಸಿದರೆ ಈ ಸರಪಳಿಯ ಯಾವುದಾದರೂ ಒಂದು ಕೊಂಡಿ ಕಳಚಬಹುದು. ಹತ್ತು ವರ್ಷ ಕೂಡಿಟ್ಟ ಕಾರ್ಡುಗಳ ಮಾದರಿ, ಗಿರಾಕಿಗಳ ಕಡತ ಎಲ್ಲ ಆ ಫಾಂಟಿನಲ್ಲೇ ಇವೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದುವ ಕೆಲಸ ಉಳಿದೇ ಇರುತ್ತದೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಬೆಂಬಲ ನಿಲ್ಲಿಸಿತು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು. ಆಮೇಲೂ ಇಂಥ ಅಂಗಡಿಗಳಲ್ಲಿ ಒಂದು ಹಳೆಯ ಯಂತ್ರ ಇಂಟರ್‌ನೆಟ್ ಸಂಪರ್ಕವಿಲ್ಲದೆ ಮೂಲೆಯಲ್ಲಿ ನಡೆಯುತ್ತಲೇ ಇತ್ತು. ಇದನ್ನು ಹಿಂದುಳಿದಿರುವಿಕೆ ಎಂದು ಓದುವವರು ಅಂಗಡಿಯವರ ಲೆಕ್ಕವನ್ನು ಅರ್ಥಮಾಡಿಕೊಂಡಿಲ್ಲ. ಮದುವೆ ಕಾಲದಲ್ಲಿ ಒಂದು ವಾರ ಯಂತ್ರ ನಿಂತರೆ ಆ ವರ್ಷದ ಸಂಪಾದನೆಗೇ ಪೆಟ್ಟು.

ಲಿನಕ್ಸಿನ ದಾರಿ

ಮುಕ್ತ ತಂತ್ರಾಂಶದ ಜಗತ್ತಿನಲ್ಲೂ ಇದೇ ಜಗಳ ನಡೆದಿದೆ. 2008ರ ಕೆಡಿಇ 4, 2011ರ ಏಪ್ರಿಲ್‌ನಲ್ಲಿ ಬಂದ ಗ್ನೋಮ್ 3 ಮತ್ತು ಉಬುಂಟುವಿನ ಯೂನಿಟಿ ಮೂರೂ ಹಳೆಯ ಬಳಕೆದಾರರನ್ನು ಕೆರಳಿಸಿದವು. ಲಿನಕ್ಸಿನ ಕರ್ತೃ ಲೈನಸ್ ಟೊರ್ವಾಲ್ಡ್ಸ್ ಕೂಡ ಗ್ನೋಮ್ 3ನ್ನು ಬಿಟ್ಟು ಬೇರೆಡೆ ಹೋಗಿದ್ದರು. ಆದರೆ ಇಲ್ಲಿ ಮೂಲ ಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಅಸಮಾಧಾನ ದೂರಿನಲ್ಲಿ ಮುಗಿಯಲಿಲ್ಲ. ಹಳೆಯ ಗ್ನೋಮ್ 2ನ್ನೇ ಮುಂದುವರಿಸಿದ ಮಾಟೆ, ಲಿನಕ್ಸ್ ಮಿಂಟ್ ತಂಡದ ಸಿನಮನ್ ಹುಟ್ಟಿಕೊಂಡವು. ಉಬುಂಟು 2017ರಲ್ಲಿ ಯೂನಿಟಿಯನ್ನು ಕೈಬಿಟ್ಟು ಗ್ನೋಮಿಗೆ ಮರಳಿತು.

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಲ್ಲಿ ಹಲವರು ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಉಬುಂಟು ಕಲಿತರು. ತರಬೇತಿಯಲ್ಲಿ ಹಿಡಿಸಿದ ಪರದೆ ಶಾಲೆಗೆ ಮರಳಿದ ಮೇಲೆ ಎಷ್ಟು ಉಳಿಯಿತೆಂಬುದು ಆಯಾ ಶಾಲೆಯ ಲ್ಯಾಬನ್ನು ಅವಲಂಬಿಸಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಅನುಭವ ಬೇರೆ. ಕೇರಳ ತನ್ನ ಶಾಲೆಗಳನ್ನು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲೇ ಲಿನಕ್ಸಿಗೆ ಒಯ್ದಿತು, ಪಠ್ಯ, ಪ್ರಾಯೋಗಿಕ ಪರೀಕ್ಷೆ ಎರಡೂ ಅದರಲ್ಲೇ. ಅಲ್ಲಿನ ಕನ್ನಡ ಮಕ್ಕಳು ಕಂಪ್ಯೂಟರ್ ಪಾಠವನ್ನು ಕನ್ನಡದಲ್ಲೇ ಓದುತ್ತಾರೆ. ಮೊದಲ ಪರದೆಯೇ ಲಿನಕ್ಸ್ ಆದವರಿಗೆ ಅದು ಹೊಸತೂ ಅಲ್ಲ, ಕಷ್ಟವೂ ಅಲ್ಲ.

ವಿಂಡೋಸ್ 10, 11 ಮತ್ತು ಫೋನು

ವಿಂಡೋಸ್ 10ರ ಮೆನುವನ್ನು ಜನ ಒಪ್ಪಿದರು, ಅದನ್ನು ಹೇರಿದ ರೀತಿಯನ್ನು ಒಪ್ಪಲಿಲ್ಲ. 2016ರ ಮೇ ತಿಂಗಳಲ್ಲಿ ಅಪ್‌ಗ್ರೇಡ್ ಸೂಚನೆಯ ಮೂಲೆಯಲ್ಲಿದ್ದ ಕೆಂಪು ಗುರುತು ಒತ್ತಿ ಕಿಟಕಿ ಮುಚ್ಚಿದರೆ ಅದನ್ನೇ ಒಪ್ಪಿಗೆ ಎಂದು ಎಣಿಸಿ ಯಂತ್ರಗಳನ್ನು ಬದಲಿಸಲಾಯಿತು. ಇಪ್ಪತ್ತು ವರ್ಷ ಬೇಡ ಎಂಬ ಅರ್ಥವಿದ್ದ ಗುರುತಿಗೆ ಬೇಕು ಎಂಬ ಅರ್ಥ ಕೊಟ್ಟದ್ದು ನಂಬಿಕೆಗೆ ಬಗೆದ ದ್ರೋಹ. ಅದೇ ವಿಂಡೋಸ್ 10, 2019ರ ಅಪ್‌ಡೇಟಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಫೊನೆಟಿಕ್ ಕೀಲಿಮಣೆಯನ್ನು ಸಿಸ್ಟಮಿನೊಳಗೇ ತಂದಿತು. ಹೊಸಬರಿಗೆ ಇದು ನಿಜವಾದ ಉಪಕಾರ.

2021ರ ಅಕ್ಟೋಬರ್ 5ರ ವಿಂಡೋಸ್ 11 ಸ್ಟಾರ್ಟ್ ಬಟನ್ನನ್ನು ಮಧ್ಯಕ್ಕೆ ತಂದಿತು. ಸೆಟ್ಟಿಂಗ್ಸಿನಲ್ಲಿ ಅದನ್ನು ಎಡಕ್ಕೆ ಸರಿಸಬಹುದಾದ್ದರಿಂದ ಆ ಸಿಟ್ಟು ಬೇಗ ತಣಿಯಿತು. ಬಲ ಕ್ಲಿಕ್ಕಿನ ಮೆನುವನ್ನು ಮೊಟಕುಗೊಳಿಸಿ ಹಳೆಯದನ್ನು ಇನ್ನೊಂದು ಕ್ಲಿಕ್ಕಿನ ಹಿಂದೆ ಅಡಗಿಸಿದ್ದು, ತೆರೆದ ಕಿಟಕಿಗಳ ಹೆಸರನ್ನು ಟಾಸ್ಕ್‌ಬಾರಿನಿಂದ ತೆಗೆದದ್ದು ಹೆಚ್ಚು ಕಾಡಿತು. ಹೆಸರುಗಳು 2023ರಲ್ಲಿ ಮರಳಿದವು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳಿಗೆ ಈ ವ್ಯವಸ್ಥೆಯ ಬಾಗಿಲೇ ತೆರೆಯಲಿಲ್ಲ.

ಫೋನಿನಲ್ಲಿ ಕಥೆ ಚಿಕ್ಕದು. 2012ರ ಆಂಡ್ರಾಯ್ಡ್ 4.1 ಕನ್ನಡ ಅಕ್ಷರಗಳನ್ನು ಬೆಂಬಲಿಸತೊಡಗಿದ ಮೇಲೆ ಚೌಕಡಬ್ಬಿಗಳ ಜಾಗದಲ್ಲಿ ಕನ್ನಡ ಕಾಣತೊಡಗಿತು. ಅಂಥ ಬದಲಾವಣೆಯನ್ನು ಯಾರೂ ದೂರಲಿಲ್ಲ. ಆಪಲ್ 2013ರ ಐಒಎಸ್ 7ರಲ್ಲಿ ತಂದ ಚಲನೆಯ ಪರಿಣಾಮದಿಂದ ತಲೆಸುತ್ತು ಬರುತ್ತದೆಂದು ಜನ ಹೇಳಿದಾಗ ಒಂದು ತಿಂಗಳಲ್ಲೇ ಅದನ್ನು ತಗ್ಗಿಸುವ ಅನುಕೂಲ ಕೊಟ್ಟಿತು. 2025ರ ಸೆಪ್ಟೆಂಬರಿನ ಐಒಎಸ್ 26ರ ಗಾಜಿನಂಥ ಪಾರದರ್ಶಕ ವಿನ್ಯಾಸದಲ್ಲಿ ಅಕ್ಷರ ಓದಲು ಕಷ್ಟವೆಂಬ ದೂರು ಬಂದಾಗಲೂ ಕೆಲವೇ ವಾರಗಳಲ್ಲಿ ಪಾರದರ್ಶಕತೆ ಕಡಿಮೆ ಮಾಡುವ ಆಯ್ಕೆ ಸೇರಿತು.

ಮುಂದೇನು

ಈ ಮೂವತ್ತು ವರ್ಷದಲ್ಲಿ ತಣಿದ ವಿರೋಧ, ತಣಿಯದ ವಿರೋಧಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಎಕ್ಸ್‌ಪಿಯ ಬಣ್ಣ, ವಿಂಡೋಸ್ 11ರ ಮಧ್ಯದ ಬಟನ್, ಆಪಲ್ಲಿನ ಗಾಜು ಇವುಗಳ ಜೊತೆ ಹಿಂದಿರುಗುವ ದಾರಿ ಇತ್ತು. ವಿಂಡೋಸ್ 8ರಲ್ಲಿ ಇರಲಿಲ್ಲ. ಹೊಸದನ್ನು ತರುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಹಳೆಯದನ್ನು ಕೆಲವು ವರ್ಷ ಪಕ್ಕದಲ್ಲೇ ಇಡಬೇಕು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮನೆಬಳಕೆದಾರರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟ್ ಇನ್ನೂ ಒಂದು ವರ್ಷ ಸಿಗುತ್ತದೆ. ಆ ವರ್ಷದೊಳಗೆ ಕನ್ನಡ ಡಿಟಿಪಿ ನಡೆಸುವವರು ತಮ್ಮ ಹಳೆಯ ಕಡತಗಳನ್ನು ಯೂನಿಕೋಡಿಗೆ ತಂದಿಟ್ಟುಕೊಳ್ಳುವುದು ಒಳ್ಳೆಯದು, ಈ ಕೆಲಸಕ್ಕೆ ಸರ್ಕಾರವೂ ಕನ್ನಡ ಸಂಸ್ಥೆಗಳೂ ತಾಲ್ಲೂಕು ಮಟ್ಟದಲ್ಲಿ ನೆರವಾಗಬೇಕು. ಕಗಪ ವಿನ್ಯಾಸ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಮೊದಲೇ ಸೇರಿಕೊಂಡು ಬರುತ್ತದೆ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಇವೆ, ಕಗಪ ಬೇಕಾದವರು ಅದನ್ನು ಹೊರಗಿನಿಂದ ತಂದು ಹಾಕಿಕೊಳ್ಳಬೇಕು. ಮೈಕ್ರೋಸಾಫ್ಟ್ ಅದನ್ನು ಸೇರಿಸುವಂತೆ ಕರ್ನಾಟಕ ಸರ್ಕಾರ ಒತ್ತಾಯಿಸಬೇಕು.